ಹುರುಳಿ ಸಾರೂ ಪ್ರೋಟೀನ್ ಸರವೂ

ಆಕಾಶವಾಣಿ ಹಾಸನದ ಕೇಳುಗರಿಗೆ ನಮಸ್ಕಾರ.

ರಾತ್ರಿ ನಮ್ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ಹುರುಳಿ ತಿಂದರೆ ಮೈಗೆ ಕಸುವು ಅಂತ ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಮಾತು ನಿಜ. ಆದರೆ ಹುರುಳಿಯ ಪ್ರೋಟೀನು ಹಾಗೇ ಬಂದು ನಮ್ಮ ರಟ್ಟೆ ಸೇರುವುದಿಲ್ಲ. ಹೊಟ್ಟೆಯ ಆಮ್ಲ ಅದರ ಸುತ್ತು ಬಿಚ್ಚುತ್ತದೆ, ಕಿಣ್ವಗಳು ಕತ್ತರಿಸುತ್ತವೆ. ಕೊನೆಗೆ ಉಳಿಯುವ, ಪ್ರೋಟೀನಿನ ಬಿಡಿ ಹೂವುಗಳಂಥ ಅಮೈನೋ ಆಮ್ಲಗಳನ್ನು ಕರುಳು ಹೀರಿಕೊಂಡು ರಕ್ತಕ್ಕೆ ಬಿಡುತ್ತದೆ. ಕಟ್ಟಿದ ಹಾರ ಬಿಚ್ಚಿ, ಅದೇ ಹೂವಿನಿಂದ ಬೇರೆ ಹಾರ ಕಟ್ಟಿದ ಹಾಗೆ.

ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಹೂವು ಕಟ್ಟುವವರ ಕೈ ನೋಡಿದ್ದೀರಲ್ಲ? ಕಾಕಡ, ಕನಕಾಂಬರ, ನಡುವೆ ಒಂದು ಕುಡಿ ಮರುಗ. ಜೀವಕೋಶದೊಳಗೆ ಪ್ರೋಟೀನು ಕಟ್ಟುವ ಪುಟ್ಟ ಯಂತ್ರ ರೈಬೋಸೋಮ್ ಮಾಡುವುದೂ ಇದನ್ನೇ. ಅದರ ಬುಟ್ಟಿಯಲ್ಲಿರುವುದು 20 ಬಗೆಯ ಅಮೈನೋ ಆಮ್ಲ. ಯಾವುದರ ಪಕ್ಕ ಯಾವುದು ಅನ್ನುವುದು ವಂಶವಾಹಿಯಲ್ಲಿ ಮೊದಲೇ ಬರೆದಿದೆ. ಒಂದರ ಕಾರ್ಬಾಕ್ಸಿಲ್ ತುದಿಗೆ ಇನ್ನೊಂದರ ಅಮೈನೋ ತುದಿ ಬೆಸೆದಾಗ ನೀರಿನ ಒಂದು ಅಣು ಹೊರಬೀಳುತ್ತದೆ. ಈ ಗಂಟೇ ಪೆಪ್ಟೈಡ್ ಬಂಧ. ನಮ್ಮ ಕೋಶಗಳಲ್ಲಿ ಸೆಕೆಂಡಿಗೆ ಸುಮಾರು 5 ಗಂಟು ಬೀಳುತ್ತವೆ.

ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು ಮುಂದಿನದು. ಹೂವಿನ ಸರ ಇಟ್ಟಲ್ಲೇ ಬಿದ್ದಿರುತ್ತದೆ. ಪ್ರೋಟೀನಿನ ಸರ ತಾನಾಗಿ ಮಡಚಿಕೊಳ್ಳುತ್ತದೆ. ಕೆಲವು ಅಮೈನೋ ಆಮ್ಲಗಳಿಗೆ ನೀರೆಂದರೆ ಆಗದು. ಸಾರಿನ ಮೇಲೆ ಎಣ್ಣೆ ಗುಂಡಗೆ ಕೂಡಿಕೊಳ್ಳುವ ಹಾಗೆ ಅವು ಒಳಗೆ ಒತ್ತೊತ್ತಾಗಿ ಸೇರುತ್ತವೆ, ನೀರಿಗೆ ಒಗ್ಗುವವು ಹೊರಗೆ ಉಳಿಯುತ್ತವೆ. ಸರ ಎಲ್ಲೋ ಸುರುಳಿ ಸುತ್ತುತ್ತದೆ, ಎಲ್ಲೋ ನೆರಿಗೆ ಹಿಡಿದ ಹಾಳೆಯಾಗುತ್ತದೆ. ಪ್ರತಿ ಕೊಂಡಿ ಎಷ್ಟು ತಿರುಗಬಹುದು, ಎಲ್ಲಿ ಪರಮಾಣುಗಳು ಒಂದಕ್ಕೊಂದು ತಾಗಿ ತಡೆಯುತ್ತವೆ ಎಂಬ ನಕ್ಷೆಯನ್ನು 1963ರಲ್ಲಿ ಕೊಟ್ಟವರು ಮದ್ರಾಸಿನಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಂಗಡಿಗರು. ಮುಂದೆ ಅವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೇ ಬಂದರು. ಇವತ್ತಿಗೂ ಹೊಸ ಪ್ರೋಟೀನಿನ ರಚನೆ ಬಿಡಿಸಿದವರು ಅದನ್ನು ಆ ನಕ್ಷೆಗೆ ಹಿಡಿದು ನೋಡುತ್ತಾರೆ. ನಮ್ಮ ಪಿಯುಸಿ ಮಕ್ಕಳ ಬಾಯಲ್ಲಿ ಈ ಹೆಸರು ಇರಬೇಕು ಅನ್ನುವುದು ನನ್ನ ಆಸೆ.

ಆಕಾರ ಕೆಟ್ಟರೆ ಏನಾಗುತ್ತದೆ? ಮೊಟ್ಟೆ ಬೇಯಿಸಿ ನೋಡಿ. ಬಿಳಿಭಾಗದಲ್ಲಿ ಸರ ಹರಿದಿರುವುದಿಲ್ಲ. ಮಡಿಕೆ ಬಿಚ್ಚಿ, ಒಂದಕ್ಕೊಂದು ಸಿಕ್ಕುಬಿದ್ದು ಗಟ್ಟಿಯಾಗಿರುತ್ತದೆ. ಕಟ್ಟುವಾಗಲೇ ತಪ್ಪಿದರೆ ಸಂಕಟ ಇನ್ನೂ ದೊಡ್ಡದು. ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನು ಹಿಮೋಗ್ಲೋಬಿನ್. ಅದರ ಬೀಟಾ ಎಂಬ ಸರದಲ್ಲಿ 146 ಅಮೈನೋ ಆಮ್ಲಗಳಿವೆ. 6ನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂತರೆ ಸಾಕು, ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ಗಳು ಅಂಟಿಕೊಂಡು ಉದ್ದ ಎಳೆಗಳಾಗುತ್ತವೆ, ದುಂಡಗಿನ ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಅದೇ ಸಿಕಲ್ ಸೆಲ್ ಕಾಯಿಲೆ. ತಂದೆ ತಾಯಿ ಇಬ್ಬರಿಂದಲೂ ಈ ತಪ್ಪಿರುವ ವಂಶವಾಹಿ ಬಂದ ಮಗು, ಸಣ್ಣ ರಕ್ತನಾಳಗಳು ಕಟ್ಟಿಕೊಂಡು ನೋವಿನಲ್ಲಿ ನರಳುತ್ತದೆ. 146ರಲ್ಲಿ ಒಂದೇ ಒಂದು ಹೂವು ಬದಲಾದದ್ದಕ್ಕೆ.

ಮತ್ತೆ ಮುದ್ದೆಗೆ ಬರೋಣ. ಆ 20ರಲ್ಲಿ 9ನ್ನು ನಮ್ಮ ಮೈ ತಯಾರಿಸಿಕೊಳ್ಳಲಾರದು, ಊಟದಿಂದಲೇ ಸಿಗಬೇಕು. ರಾಗಿಯಲ್ಲಿ ಆ 9ರ ಪೈಕಿ ಲೈಸೀನ್ ಕಡಿಮೆ, ಮೆಥಿಯೋನೀನ್ ಚೆನ್ನಾಗಿದೆ. ಹುರುಳಿಯಲ್ಲಿ ಇದು ತಿರುಗುಮುರುಗು. ಬುಟ್ಟಿಯಲ್ಲಿ ಒಂದು ಬಗೆ ಹೂವು ತೀರಿದರೂ ಕಟ್ಟುವ ಕೈ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಮಕ್ಕಳು ಬರೀ ತಿಳಿಯಲ್ಲಿ ಮುದ್ದೆ ಅದ್ದಿಕೊಂಡು ಉಂಡು ಏಳಲು ಬಿಡಬೇಡಿ. ತಟ್ಟೆಯ ತಳದಲ್ಲಿ ಉಳಿದ ಕಾಳನ್ನೂ ತಿನ್ನಿಸಿ.

ನಮಸ್ಕಾರ.