ಪಾರ್ಕಿನ ದರಗು

ಕೇಳುಗರಿಗೆ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೇಸಿಗೆ ಬಂತೆಂದರೆ ದರಗು ಗುಡಿಸುವ ಕೆಲಸ ಶುರು. ಸೊಪ್ಪಿನ ಬೆಟ್ಟದಲ್ಲಿ ಉದುರಿದ ಒಣ ಎಲೆಯನ್ನು ಹೆಡಿಗೆಗೆ ಒತ್ತಿ ತುಂಬಿ ತಂದು ಕೊಟ್ಟಿಗೆಗೆ ಹಾಸುತ್ತೇವೆ. ಅದೇ ಗೊಬ್ಬರವಾಗಿ ಅಡಿಕೆ ತೋಟಕ್ಕೆ ಹೋಗುತ್ತದೆ. ಒಂದು ಹೆಡಿಗೆ ದರಗನ್ನೂ ಯಾರೂ ಸುಮ್ಮನೆ ಸುಡುವುದಿಲ್ಲ. ಅಂಥ ಸೀಮೆಯಿಂದ ಬಂದು ಶಿವಮೊಗ್ಗ ಪೇಟೆಯಲ್ಲಿ ಮನೆ ಮಾಡಿದವನಿಗೆ, ಬೆಳಗಿನ ವಾಕಿಂಗಿಗೆ ಹೋದ ಪಾರ್ಕಿನಲ್ಲಿ ಮೊದಲು ಕಂಡದ್ದು ಹೊಗೆ. ಹೊಂಗೆ ಮರದ ಬುಡದಲ್ಲೇ ಎಲೆರಾಶಿಗೆ ಬೆಂಕಿ ಹಾಕಿದ್ದರು. ಕರುಳು ಚುರುಕ್ ಎಂದಿತು.

ಪಕ್ಕದಲ್ಲಿ ಬೆಂಕಿ ತಾಗದ ಇನ್ನೊಂದು ರಾಶಿಯಿತ್ತು. ಕೈಯಿಂದ ಸರಿಸಿ ನೋಡಿದೆ. ಮೇಲಿನ ಎಲೆ ಗರಿಗರಿ, ನಾಲ್ಕು ಬೆರಳು ಕೆಳಗೆ ತಂಪು. ಎಲೆಗಳನ್ನು ಒಂದಕ್ಕೊಂದು ಹೊಲಿದಂತೆ ಬೂಸಲಿನ ಬಿಳಿ ನೂಲು. ಚಕ್ಕುಲಿಯಂತೆ ಸುರುಟಿಕೊಂಡ ಒಂದು ಚೋರಟೆ. ಅದರಡಿ ಎರೆಹುಳು ಹಾಕಿದ ಸಣ್ಣ ಸಣ್ಣ ಮಣ್ಣುಂಡೆ. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದದ್ದೇ ತಡ, ಆರೇಳು ಹರಟೆಮಲ್ಲ ಹಕ್ಕಿಗಳು ಗಲಾಟೆ ಮಾಡುತ್ತ ಇಳಿದವು. ಕೊಕ್ಕಿನಲ್ಲಿ ಎಲೆ ಕಚ್ಚಿ ಪಕ್ಕಕ್ಕೆ ಎಸೆಯುವುದು, ಹುಳ ಹೆಕ್ಕುವುದು, ಮತ್ತೆ ಎಸೆಯುವುದು. ಅವುಗಳ ಊಟದ ತಟ್ಟೆಗೆ ನಾವು ಕಡ್ಡಿ ಗೀರುತ್ತಿದ್ದೇವೆ.

ಗುಡಿಸುವ ಅಮ್ಮನನ್ನು ಕೇಳಿದೆ. "ಕ್ಲೀನ್ ಇಲ್ಲ ಅಂತ ವಾಕಿಂಗಿಗೆ ಬರೋರೇ ಬೈತಾರಲ್ಲ ಸ್ವಾಮಿ, ನಾನೇನ್ ಮಾಡ್ಲಿ?" ಅಂದರು. ಅವರ ಮಾತು ನಿಜ. ತಪ್ಪು ಅವರದ್ದಲ್ಲ, ಪಾರ್ಕೂ ಮನೆಯ ಹಾಲ್‌ನಂತೆ ಫಳಫಳ ಇರಬೇಕೆಂದು ಬಯಸುವ ನಮ್ಮದು. ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ಕಸ, ಎತ್ತಲೇಬೇಕು. ಎಲೆ ಕಸವಲ್ಲ.

ಒಣಕೊಂಬೆಯ ಕಥೆಯೂ ಇದೇ. ಜನ ಓಡಾಡುವ ದಾರಿಯ ಮೇಲಿದ್ದರೆ ಕಡಿಯಲಿ, ಬೇಡವೆನ್ನುವುದಿಲ್ಲ. ಮೂಲೆಯಲ್ಲಿದ್ದರೆ ಬಿಡಲಿ. "ಕುಟ್ರೂ ಕುಟ್ರೂ" ಎಂದು ಬೇಸಿಗೆಯಿಡೀ ಕೂಗುವ ಕುಟ್ರ ಹಕ್ಕಿ ಗೂಡು ಕೊರೆಯುವುದು ಒಣಗಿ ಮೆತ್ತಗಾದ ಕೊಂಬೆಯಲ್ಲಿ. ಅದು ಬಿಟ್ಟುಹೋದ ಪೊಟರೆ ಮುಂದೆ ಬೇರೆ ಹಕ್ಕಿಗೆ ಮನೆಯಾಗುತ್ತದೆ. ಹಸಿ ಮರದ ವಿಷಯಕ್ಕೆ ಬಂದರೆ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಊರೊಳಗಿನ ಹೆಚ್ಚಿನ ಜಾತಿಯ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕೊಡಲಿ ಕಂಡರೆ ಅನುಮತಿ ಪತ್ರ ಕೇಳಿ, ಸಂಕೋಚ ಬೇಡ.

ನಾವು ಐದಾರು ಜನ ಸೇರಿ, ಆ ಅಮ್ಮನ ಜೊತೆಗೇ, ಬೇಲಿಯ ಬದಿಗೆ ಒಂದು ಗುಂಡಿ ತೋಡಿದೆವು. ಬೇಸಿಗೆಯ ದರಗೆಲ್ಲ ಅದಕ್ಕೆ ಬಿತ್ತು, ಮಳೆಗಾಲ ಅದನ್ನು ಕೊಳೆಸಿತು. ದೀಪಾವಳಿ ಕಳೆದು ತೆಗೆದರೆ ಎಲೆಯ ಗುರುತೇ ಸಿಗದ ಕರಿಮಣ್ಣು. ಅದೇ ಹೊಂಗೆಯ ಬುಡಕ್ಕೆ ಹಾಕಿದೆವು.

ನಾಳೆ ಬೆಳಿಗ್ಗೆ ಗಾಂಧಿ ಪಾರ್ಕಿಗೋ, ಸಾಗರ ರಸ್ತೆಯ ಮುದ್ದಿನಕೊಪ್ಪ ಟ್ರೀ ಪಾರ್ಕಿಗೋ, ನಿಮ್ಮ ಬಡಾವಣೆಯದ್ದಕ್ಕೋ ಹೋಗಿ. ಫೋನು ಜೇಬಿನಲ್ಲಿರಲಿ. ದರಗು ಬಿದ್ದ ಮರದಡಿ ಹತ್ತು ನಿಮಿಷ ಅಲ್ಲಾಡದೆ ಕೂತುಕೊಳ್ಳಿ. ಮೊದಲು ಸದ್ದು ಕೇಳುತ್ತದೆ, ಸರಕ್ ಸರಕ್ ಅಂತ. ತಿರುಗಬೇಡಿ, ಹಕ್ಕಿಗಳು ತಾವಾಗಿಯೇ ನಿಮ್ಮ ಕಾಲಿನ ಹತ್ತಿರಕ್ಕೆ ಬರುತ್ತವೆ.

ನಮಸ್ಕಾರ.