ಗಾಳಿ ದುಂಡಗಿದೆಯೋ ಇಲ್ಲವೋ?

ಕೇಳುಗರಿಗೆ ನಮಸ್ಕಾರ. ಕಣದಲ್ಲಿ ಜೋಳ ತೂರುವಾಗ ಗಾಳಿ ಕಣ್ಣಿಗೆ ಕಾಣುತ್ತದೆಯೇ? ಇಲ್ಲ. ಹೊಟ್ಟು ಯಾವ ಕಡೆ ಹಾರುತ್ತದೆ ಅಂತ ನೋಡುತ್ತೇವೆ, ಅಲ್ವಾ? ನಕ್ಷತ್ರಗಳಲ್ಲೂ ಗಾಳಿ ಬೀಸುತ್ತದೆ, ಅಂದರೆ ಅವುಗಳ ಮೈಯಿಂದ ಬಿಸಿ ಅನಿಲ ಹೊರಕ್ಕೆ ಹರಿಯುತ್ತದೆ. ಸೂರ್ಯನಿಗಿಂತ ಇಪ್ಪತ್ತು ಮೂವತ್ತು ಪಟ್ಟು ಭಾರದ ಬಿಸಿ ನಕ್ಷತ್ರದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 2,000 ಕಿಲೋಮೀಟರ್. ಅಲ್ಲಿ ಹೊಟ್ಟಿನ ಕೆಲಸ ಮಾಡುವುದು ಬೆಳಕು.

ಬೆಳಕು ಒಂದು ಅಲೆ. ಸಾಮಾನ್ಯವಾಗಿ ಎಲ್ಲ ದಿಕ್ಕಿಗೂ ಅಲುಗುತ್ತದೆ. ಏನಕ್ಕಾದರೂ ತಾಗಿ ಪಕ್ಕಕ್ಕೆ ಚಿಮ್ಮಿದರೆ ಒಂದೇ ದಿಕ್ಕಿಗೆ ಅಲುಗುವುದು ಜಾಸ್ತಿ. ಇದೇ ಧ್ರುವೀಕರಣ. ಹೆಸರು ಕೇಳಿ ಹೆದರಬೇಡಿ.

ಸಂಕ್ರಮಣದಲ್ಲಿ ಸಿದ್ಧೇಶ್ವರ ಜಾತ್ರೆಗೆ ಅಕ್ಕನ ಮಗ ಬಂದಿದ್ದ. ಪೋಲರೈಸ್ಡ್ ಅಂತ ಜಾಸ್ತಿ ದುಡ್ಡು ಕೊಟ್ಟು ತಂಪು ಕನ್ನಡಕ ತಂದಿದ್ದ. ಹಾಗಂದರೇನು ಅಂತ ಅವನಿಗೇ ಗೊತ್ತಿರಲಿಲ್ಲ! ಅದನ್ನು ಇಸಿದುಕೊಂಡು ಗೋಳಗುಮ್ಮಟ ಹತ್ತಿದೆ. ಒಳಗೆ ಜನ ಕೂಗಿ ಕೂಗಿ ಪ್ರತಿಧ್ವನಿ ಕೇಳುತ್ತಿದ್ದರು. ನಾನು ಹೊರಗೆ ನಿಂತು ನೆತ್ತಿ ಮೇಲಿನ ಆಕಾಶ ನೋಡಿದೆ. ಸೂರ್ಯ ಪಡುವಣಕ್ಕೆ ಇಳಿದಿದ್ದ. ಕನ್ನಡಕವನ್ನು ಗಡಿಯಾರದ ಮುಳ್ಳಿನ ಹಾಗೆ ತಿರುಗಿಸಿದೆ. ಆಕಾಶ ಕಪ್ಪಾಯಿತು. ಇನ್ನೊಂದು ಕಾಲು ಸುತ್ತು, ಬೆಳ್ಳಗಾಯಿತು. ಮತ್ತೆ ಕಪ್ಪು. ಪಕ್ಕದಲ್ಲಿದ್ದ ಹುಡುಗಿ, "ಅಜ್ಜಾ, ಕನ್ನಡಕ ಮುರದೈತೇನ್ರಿ?" ಅಂದಳು. ಅವಳ ಕೈಗೇ ಕೊಟ್ಟೆ. ಐದು ನಿಮಿಷ ವಾಪಸ್ ಕೊಡಲಿಲ್ಲ. ಆಮೇಲೆ ಅವಳ ಅವ್ವ, ಅಪ್ಪ, ಕಾಕಾ ಎಲ್ಲರೂ ಪಾಳಿ ಹಚ್ಚಿದರು. ಅಕ್ಕನ ಮಗ ಮಾತ್ರ ಮೊಬೈಲ್ ನೋಡುತ್ತಿದ್ದ.

ಇರಲಿ. ಬಿಸಿಲು ನಮ್ಮ ಗಾಳಿಗೆ ತಾಗಿ ಚಿಮ್ಮಿ ಹೆಚ್ಚಾಗಿ ಒಂದೇ ದಿಕ್ಕಿಗೆ ಅಲುಗುತ್ತಿತ್ತು, ಕನ್ನಡಕ ಒಂದೇ ದಿಕ್ಕಿನ ಅಲುಗಾಟವನ್ನು ಬಿಡುತ್ತದೆ, ಅದಕ್ಕೇ ಆಕಾಶ ಕಪ್ಪಾಗಿ ಬೆಳ್ಳಗಾಯಿತು. ನಕ್ಷತ್ರದ ಗಾಳಿಯಲ್ಲಿ ಎಲೆಕ್ಟ್ರಾನ್‌ಗಳು ಬಿಡಿಯಾಗಿ ಓಡಾಡುತ್ತವೆ. ಬೆಳಕು ಅವಕ್ಕೆ ತಾಗಿ ಚಿಮ್ಮುತ್ತದೆ. ಗಾಳಿ ಎಲ್ಲ ಕಡೆ ಸಮ ಇದ್ದರೆ, ಸಮಬಲದವರು ನಾಲ್ಕೂ ಕಡೆ ಹಗ್ಗ ಎಳೆದ ಹಾಗೆ, ಬೇರೆ ಬೇರೆ ಕಡೆಯ ಧ್ರುವೀಕರಣ ಒಂದನ್ನೊಂದು ಅಳಿಸಿ ಸೊನ್ನೆಯಾಗುತ್ತದೆ. ಸೊನ್ನೆಯಾಗದೆ ಉಳಿದರೆ? ಗಾಳಿ ದುಂಡಗಿಲ್ಲ! ನೆನಪಿಡಿ: ಉಳಿದರೆ ದುಂಡಗಿಲ್ಲ. ಎಷ್ಟು ದೊಡ್ಡ ದೂರದರ್ಶಕದಲ್ಲೂ ಬರೀ ಚುಕ್ಕಿಯಾಗಿ ಕಾಣುವ ನಕ್ಷತ್ರದ ಸುತ್ತಲಿನ ಆಕಾರ ಹೀಗೆ ಸಿಗುತ್ತದೆ. ಉಳಿಯುವುದು ಹೆಚ್ಚಾಗಿ ನೂರರಲ್ಲಿ ಒಂದು ಪಾಲಿಗಿಂತ ಕಮ್ಮಿ, ಅದು ಬೇರೆ ಮಾತು.

ಸಮಯ ಆಗುತ್ತಿದೆ, ಬೇಗ ಹೇಳುತ್ತೇನೆ. ಬಿಸಿ ನಕ್ಷತ್ರದ ಅಂಚಿನ ಬೆಳಕು ಧ್ರುವೀಕರಣಗೊಂಡಿರಬೇಕು ಅಂತ 1946ರಲ್ಲೇ ಲೆಕ್ಕ ಹಾಕಿದವರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. ಅದನ್ನು ಹುಡುಕಹೋದ ಖಗೋಳ ವಿಜ್ಞಾನಿಗಳಾದ ಹಿಲ್ಟ್ನರ್ ಮತ್ತು ಹಾಲ್‌ಗೆ ಸಿಕ್ಕಿದ್ದು ನಕ್ಷತ್ರಕ್ಕೂ ನಮಗೂ ನಡುವಿನ ದಾರಿಯ ಧೂಳು ಮೂಡಿಸಿದ ಧ್ರುವೀಕರಣ. 1949ರ ಆ ಕಥೆ ಇನ್ನೊಮ್ಮೆ.

ಚಳಿಗಾಲದಲ್ಲಿ ಸೀತನಿ ತಿನ್ನಲು ಹೊಲಕ್ಕೆ ಹೋದವರು ಕತ್ತಲಾದ ಮೇಲೆ ಮಹಾವ್ಯಾಧನ ಕಾಲಿನ ನೀಲಿ ನಕ್ಷತ್ರ ರೈಜಲ್ ನೋಡಿ. ಅದಕ್ಕೆ ಕನ್ನಡಕ ಸಾಲದು, ಉಪಕರಣ ಬೇಕು. ಅಳೆದವರಿಗೆ ಅದರ ಧ್ರುವೀಕರಣ ದಿನ ಕಳೆದಂತೆ ಬದಲಾಗುವುದು ಕಂಡಿದೆ. ದಾರಿಯ ಧೂಳಿನದಾದರೆ ಹೀಗೆ ದಿನದಿನಕ್ಕೆ ಬದಲಾಗುತ್ತಿರಲಿಲ್ಲ. ಅಂದರೆ ನಕ್ಷತ್ರದ್ದೇ ಉಳಿದಿದೆ. ಅಂದರೆ? ಈಗ ನೀವೇ ಹೇಳಿ.