ಯೋಚ್ನೆ ಜಾಸ್ತಿ ಆಗಿದೆ ಅಷ್ಟೇ, ಅನ್ನೋರ ಬಗ್ಗೆ

(ಮಹಿಳಾ ಸಂಘಗಳ ತಾಲ್ಲೂಕು ಸಭೆಯಲ್ಲಿ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ, ಮಾತು ಹೆಂಗಿತ್ತೋ ಹಂಗೇ ಬಿಟ್ಟಿದೀನಿ.)

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ? ಮೈಕ್ ಸ್ವಲ್ಪ ಗೊರಗೊರ ಅಂತಿದೆ, ಹೊಂದಿಸ್ಕೊಳ್ಳಿ. ಪರಿಚಯ ಮಾಡ್ಕೊಡೋವಾಗ ಅಧ್ಯಕ್ಷರು ನನ್ನ "ಮಾನಸಿಕ ತಜ್ಞೆ" ಅಂದ್ರು, ಅದು ಒಂಚೂರು ಜಾಸ್ತಿ ಆಯ್ತು. ನಾನು ಡಾಕ್ಟರ್ ಅಲ್ಲ, ಮಾತ್ರೆ ಬರ್ಕೊಡೋ ಅಧಿಕಾರ ನಂಗಿಲ್ಲ. ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ನಾನು, ಅಂದ್ರೆ ಡಾಕ್ಟ್ರು ಐದು ನಿಮಿಷ ನೋಡಿ ಚೀಟಿ ಕೊಟ್ಟು ಕಳ್ಸಿದ್ಮೇಲೆ ಪೇಷಂಟ್ ಜೊತೆ, ಅವ್ರ ಮನೆಯೋರ ಜೊತೆ ಕೂತು ಮಾತಾಡೋ ಕೆಲ್ಸ ನಂದು, ಹದಿನಾರು ವರ್ಷದಿಂದ.

ಈ ಹದಿನಾರು ವರ್ಷದಲ್ಲಿ "ನಂಗೆ ಖಿನ್ನತೆ ಇದೆ" ಅಂತ ಹೇಳ್ಕೊಂಡು ಬಂದೋರು ತುಂಬಾ ಕಮ್ಮಿ. ಬರೋರು ಹೇಳೋದೇ ಬೇರೆ, ಎದೆ ಢವಢವ ಅನ್ನುತ್ತೆ, ತಲೆ ಭಾರ, ಕೈಕಾಲಲ್ಲಿ ಬಲ ಇಲ್ಲ, ಊಟ ಸೇರಲ್ಲ, ಗ್ಯಾಸ್ಟ್ರಿಕ್ ಇರ್ಬೇಕು ಮೇಡಂ, ಸ್ಕ್ಯಾನಿಂಗ್ ಮಾಡಿಸ್ಬೇಕಾ ಅಂತ. ಎಲ್ಲಾ ಮುಗ್ದು ಎದ್ದು ಹೊರಟ್ಮೇಲೆ ಬಾಗ್ಲ ಹತ್ರ ನಿಂತ್ಕೊಂಡು ಒಂದ್ಮಾತು ಬರುತ್ತೆ ನೋಡಿ, "ಏನಿಲ್ಲ, ಸ್ವಲ್ಪ ಯೋಚ್ನೆ ಜಾಸ್ತಿ ಆಗಿದೆ ಅಷ್ಟೇ." ನಾನು ಆವಾಗ ಮತ್ತೆ ಕೂರಿಸ್ತೀನಿ. ಅಸಲಿ ವಿಷ್ಯ ಅಲ್ಲಿಂದ ಶುರು.

ಆಫ್ರಿಕಾದ ಜಿಂಬಾಬ್ವೆ ದೇಶದಲ್ಲಿ ಶೋನಾ ಅಂತ ಭಾಷೆ ಇದೆ, ಅದ್ರಲ್ಲಿ "ಕುಫುಂಗಿಸಿಸಾ" ಅನ್ನೋ ಪದ ಇದೆ. ಅರ್ಥ ಏನು ಗೊತ್ತಾ? ಯೋಚ್ನೆ ಜಾಸ್ತಿ ಆಗೋದು! ಅಲ್ಲಿನ ಹೆಂಗಸ್ರೂ ಆಸ್ಪತ್ರೆಗೆ ಬಂದು ಹೇಳೋದು ಇದೇ ಮಾತು. ಅದನ್ನ ಮೊದ್ಲನೇ ಸಲ ಓದ್ದಾಗ ನಂಗೆ ಮೈ ಜುಂ ಅಂತು, ಎಲ್ಲಿಯ ಹರಾರೆ ಎಲ್ಲಿಯ ನಮ್ಮೂರು.

ಅಲ್ಲಿ ಡಿಕ್ಸನ್ ಚಿಬಾಂಡಾ ಅಂತ ಒಬ್ರು ಮನೋವೈದ್ಯರು. ಇಡೀ ದೇಶಕ್ಕೆ ಮನೋವೈದ್ಯರು ಹತ್ತೋ ಹನ್ನೆರಡೋ ಜನ ಇದ್ದ ಕಾಲ ಅದು. ಅವ್ರ ಒಬ್ಳು ಪೇಷಂಟ್, ಚಿಕ್ಕ ವಯಸ್ಸಿನೋಳು, ಬಸ್ ಚಾರ್ಜಿಗೆ ದುಡ್ಡಿಲ್ದೆ ಆಸ್ಪತ್ರೆಗೆ ಬರೋಕಾಗ್ಲಿಲ್ಲ, ಆಮೇಲೆ ಜೀವ ಕಳ್ಕೊಂಡ್ಲು. ಇದನ್ನ ಅವ್ರೇ ಎಷ್ಟೋ ಕಡೆ ಹೇಳಿದಾರೆ. ಪೇಷಂಟ್ ನನ್ನ ಹತ್ರ ಬರೋಕಾಗಲ್ಲ ಅಂದ್ರೆ ನಾನು ಹೋಗ್ಬೇಕು, ಆದ್ರೆ ನಾನೊಬ್ನೇ ಎಷ್ಟು ಕಡೆ ಹೋಗ್ಲಿ ಅಂತ ಯೋಚ್ನೆ ಮಾಡಿ 2006ರಲ್ಲಿ ಹರಾರೆಯ ಎಂಬಾರೆ ಅನ್ನೋ ಬಡವರ ಏರಿಯಾದಲ್ಲಿ 14 ಜನ ಅಜ್ಜಿಯಂದಿರಿಗೆ ಟ್ರೇನಿಂಗ್ ಕೊಟ್ರು. ಅಜ್ಜಿಯಂದಿರು! ಕ್ಲಿನಿಕ್ ಒಳಗೆ ಕೂರೋಕೆ ಜಾಗ ಇರ್ಲಿಲ್ಲ, ಹೊರಗೆ ಮರದ ಕೆಳಗೆ ಬೆಂಚ್ ಹಾಕಿದ್ರು, ಅದಕ್ಕೇ ಅದ್ರ ಹೆಸ್ರು ಫ್ರೆಂಡ್‌ಶಿಪ್ ಬೆಂಚ್ ಅಂತ ಆಯ್ತು. ಅಜ್ಜಿ ಮಾಡೋದೇನಂದ್ರೆ ಮೂರು ಕೆಲ್ಸ, ಮೊದ್ಲು ಮನಸ್ಸು ತೆರೆಸೋದು, ಆಮೇಲೆ ಬಿದ್ದಿದ್ದನ್ನ ಎತ್ತೋದು, ಆಮೇಲೆ ಗಟ್ಟಿ ಮಾಡೋದು, ಅವ್ರ ಭಾಷೆಯ ಪದಗಳೇ ಹಂಗಿದಾವೆ. ಇರೋ ಹತ್ತು ಕಷ್ಟದಲ್ಲಿ ಒಂದನ್ನ ಮಾತ್ರ ಆರಿಸ್ಕೊ, ಅದಕ್ಕೆ ಈ ವಾರ ಏನ್ ಮಾಡ್ಬೋದು ಹೇಳು, ಮಾಡಿ ಬಾ, ಮುಂದಿನ ವಾರ ನೋಡಣ. ಉಪದೇಶ ಮಾಡೋ ಹಂಗಿಲ್ಲ. (ನಮ್ಮ ಅಜ್ಜಿಗೆ ಇದೊಂದು ಕಷ್ಟ ಆಗಿರೋದು.)

ಇದು ಕೆಲ್ಸ ಮಾಡುತ್ತಾ ಇಲ್ವಾ ಅಂತ ಸರಿಯಾಗಿ ಪರೀಕ್ಷೆನೂ ಮಾಡಿದ್ರು. 24 ಕ್ಲಿನಿಕ್, 573 ಜನ, ಅರ್ಧ ಕ್ಲಿನಿಕ್‌ನಲ್ಲಿ ಬೆಂಚು, ಇನ್ನರ್ಧದಲ್ಲಿ ಮಾಮೂಲಿ ಚಿಕಿತ್ಸೆ. ಫಲಿತಾಂಶ 2016ರಲ್ಲಿ ಅಮೆರಿಕದ ಜಾಮಾ ಅನ್ನೋ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಆರು ತಿಂಗ್ಳಾದ್ಮೇಲೆ ನೋಡಿದ್ರೆ ಮಾಮೂಲಿ ಚಿಕಿತ್ಸೆಯೋರಲ್ಲಿ ನೂರಕ್ಕೆ ಸುಮಾರು 50 ಜನಕ್ಕೆ ಖಿನ್ನತೆಯ ಲಕ್ಷಣ ಇನ್ನೂ ಇತ್ತು, ಅಜ್ಜಿ ಹತ್ರ ಕೂತೋರಲ್ಲಿ 14 ಜನಕ್ಕೆ.

ಅದು ಅವ್ರ ದೇಶ, ನಮ್ಮಲ್ಲಿ ಆಗಲ್ಲ ಅಂತೀರಾ? ಪಕ್ಕದ ಗೋವಾದಲ್ಲೇ ಆಗಿದೆ. ಸಂಗಾತ್ ಅನ್ನೋ ಸಂಸ್ಥೆ, ಡಾ. ವಿಕ್ರಮ್ ಪಟೇಲ್ ಮತ್ತೆ ಅವ್ರ ಜೊತೆಯೋರು, ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರ, 495 ಜನ, ಎಲ್ರಿಗೂ ಸಣ್ಣಪುಟ್ಟ ಬೇಜಾರಲ್ಲ, ಸಾಕಷ್ಟು ತೀವ್ರವಾದ ಖಿನ್ನತೆನೇ. ಮನೋವಿಜ್ಞಾನ ಓದಿರದ, ಊರಿನ ಸಾಮಾನ್ಯ ಜನಕ್ಕೆ ಟ್ರೇನಿಂಗ್ ಕೊಟ್ಟು ಅವರ ಕೈಲಿ ಆರರಿಂದ ಎಂಟು ಸಲ ಮಾತಾಡ್ಸಿದ್ರು. ಮೂರು ತಿಂಗ್ಳಿಗೆ ಮಾತುಕತೆ ಸಿಕ್ಕೋರಲ್ಲಿ ನೂರಕ್ಕೆ 64 ಜನ ಖಿನ್ನತೆಯಿಂದ ಹೊರಗೆ ಬಂದಿದ್ರು, ಸಿಗದೇ ಇದ್ದೋರಲ್ಲಿ 39. ಒಂದು ವರ್ಷ ಆದ್ಮೇಲೆ ನೋಡಿದಾಗ್ಲೂ ಆ ಲಾಭ ಉಳ್ಕೊಂಡಿತ್ತು. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿರೋದು ಇದು, ವಾಟ್ಸಾಪ್‌ನಲ್ಲಲ್ಲ.

ಅವ್ರು ಮಾಡಿದ್ದೇನು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇವತ್ತು ನಾನು ಹೇಳ್ಬೇಕು ಅಂತ ಬಂದಿರೋದೇ ಇದು. ನಾವು ಎಲ್ಲದಕ್ಕೂ ಒಂದು ಗಾದೆ ಹೇಳ್ತೀವಲ್ಲ, ಮನಸ್ಸಿದ್ದರೆ ಮಾರ್ಗ ಅಂತ. ಖಿನ್ನತೆ ಇರೋರಿಗೆ ಅದನ್ನ ಹೇಳಿದ್ರೆ ಗಾಯಕ್ಕೆ ಉಪ್ಪು ಸವರಿದಂಗೆ, ಮನಸ್ಸೇ ಇಲ್ಲ ಅನ್ನೋದೇ ಅವ್ರ ಕಾಯಿಲೆ, ಎಲ್ಲಿಂದ ತರ್ಬೇಕು ಮನಸ್ಸನ್ನ? ಗೋವಾದಲ್ಲಿ ಮಾಡಿದ್ದು ಇದ್ರ ಉಲ್ಟಾ. ಮಾರ್ಗ ಮೊದ್ಲು, ಮನಸ್ಸು ಆಮೇಲೆ. ಬೇಜಾರಾಗುತ್ತೆ ಅಂತ ಕೆಲ್ಸ ಬಿಡ್ತಾರೆ, ಜನರ ಜೊತೆ ಸೇರೋದು ಬಿಡ್ತಾರೆ, ಬಿಟ್ಟಿದ್ದಕ್ಕೆ ದಿನ ಖಾಲಿ ಆಗುತ್ತೆ, ಖಾಲಿ ಆಗಿದ್ದಕ್ಕೆ ಇನ್ನೂ ಬೇಜಾರು, ಗಾಣದ ಎತ್ತಿನ ಥರ ಸುತ್ತೋದೇ. ಆ ಸುತ್ತನ್ನ ಒಂದು ಕಡೆ ಸಣ್ಣದಾಗಿ ಮುರೀಬೇಕು. ನನ್ನ ಹತ್ರ ಬರೋ ಹೆಂಗಸ್ರಲ್ಲಿ ನಾನು ಮಾಡೋದು ಹೇಳ್ತೀನಿ. ಬೆಳಿಗ್ಗೆ ಎದ್ದು ಬಾಗ್ಲಿಗೆ ರಂಗೋಲಿ ಬಿಡೋದನ್ನ ನಿಲ್ಸಿ ಎಂಟು ತಿಂಗ್ಳಾಗಿದೆ ಅಂತಾರೆ, ಹದಿನೈದು ಚುಕ್ಕಿ ರಂಗೋಲಿ ಹಾಕು ಅಂತ ನಾನು ಹೇಳಲ್ಲ, ನೀರು ಚಿಮುಕ್ಸಿ ನಾಲ್ಕು ಗೆರೆ ಎಳಿ, ಖುಷಿ ಆಗ್ಬೇಕು ಅಂತೇನಿಲ್ಲ, ಎಳ್ದಿದ್ದು ಎಷ್ಟು ದಿನ ಅಂತ ಕ್ಯಾಲೆಂಡರ್‌ನಲ್ಲಿ ಗುರ್ತು ಹಾಕು. ಮೊದ್ಲ ವಾರ ಎರಡು ದಿನ ಆಗುತ್ತೆ. ಮೂರನೇ ವಾರ ಪಕ್ಕದ್ಮನೆಯೋರು ಮಾತಾಡಿಸಿದ್ರು ಅಂತ ಹೇಳ್ತಾರೆ. ಹೊರಗಿಂದ ನೋಡೋರಿಗೆ ಇದೊಂದು ಚಿಕಿತ್ಸೆನಾ ಅನ್ಸುತ್ತೆ, ಅದ್ರ ಹಿಂದೆ ಇರೋ ಶಿಸ್ತು ಕಾಣಲ್ಲ. ಗೋವಾದಲ್ಲಿ ಆ ಕೌನ್ಸೆಲರ್‌ಗಳು ಒಬ್ಬರ ರೆಕಾರ್ಡಿಂಗ್ ಇನ್ನೊಬ್ರು ಕೇಳಿ, ಎಲ್ಲಿ ತಪ್ಪಿದ್ವಿ ಅಂತ ಮಾರ್ಕ್ಸ್ ಹಾಕ್ಕೊಳ್ತಿದ್ರು. ಬರೀ ಸಮಾಧಾನದ ಮಾತಾಗಿದ್ರೆ ಅದನ್ನೆಲ್ಲ ಮಾಡ್ತಿರ್ಲಿಲ್ಲ.

ಬಾಣಂತಿಯರ ವಿಷ್ಯ. ಇಲ್ಲಿ ಆಶಾ ಕಾರ್ಯಕರ್ತೆಯರು ಕೂತಿದೀರಿ, ನಿಮಗೆ ಗೊತ್ತಿರೋದೇ, ಮಗು ಆದ್ಮೇಲೆ ಅಳು, ಮಗುನ ಎತ್ಕೊಳ್ಳೋಕೆ ಮನಸ್ಸಿಲ್ಲ, ಮನೆಯಲ್ಲಿ ಅದಕ್ಕೆ ಗಾಳಿ ಸೋಕಿದೆ, ದೃಷ್ಟಿ ಆಗಿದೆ ಅಂತ ಹೆಸ್ರು. ಪಾಕಿಸ್ತಾನದ ರಾವಲ್ಪಿಂಡಿ ಹತ್ರದ ಹಳ್ಳಿಗಳಲ್ಲಿ ನಿಮ್ಮ ಥರದೋರೇ, ಲೇಡಿ ಹೆಲ್ತ್ ವರ್ಕರ್ ಅಂತಾರೆ ಅಲ್ಲಿ, ಖಿನ್ನತೆ ಇರೋ ಬಸುರಿಯರ ಮನೆಗೆ ಹೋಗಿ, ಹೆರಿಗೆ ಆದ್ಮೇಲೂ ಹೋಗಿ, ಮಗು ಆರೈಕೆ ಮಾತಾಡ್ತಾ ಮಾತಾಡ್ತಾನೇ ಮನಸ್ಸಿನ ಚಿಕಿತ್ಸೆನೂ ಮಾಡಿದ್ರು. 2008ರಲ್ಲಿ ಬಂದ ವರದಿ, ಮಗುಗೆ ಆರು ತಿಂಗ್ಳಾದಾಗ ಇವ್ರು ಹೋದ ಕಡೆ ನೂರಕ್ಕೆ 23 ತಾಯಂದಿರಿಗೆ ಖಿನ್ನತೆ ಉಳ್ದಿತ್ತು, ಬೇರೆ ಕಡೆ 53. ಅತ್ತೆಯಂದಿರು ಬೇಡ ಅನ್ನಲ್ವಾ ಅಂತ ಕೇಳ್ಬೇಡಿ, ಮಗು ಚೆನ್ನಾಗಿ ಬೆಳೀಬೇಕು ಅಂದ್ರೆ ಯಾವ ಅತ್ತೆ ಬೇಡ ಅಂತಾಳೆ? ಅದೇ ಉಪಾಯ. 2023ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಬಾಣಂತಿ ಖಿನ್ನತೆಗೇ ಅಂತ ಜುರಾನೊಲೋನ್ ಅನ್ನೋ ಮಾತ್ರೆಗೆ ಒಪ್ಪಿಗೆ ಸಿಕ್ತು, 14 ದಿನ ತಗೊಂಡ್ರೆ ಸಾಕು, ಒಳ್ಳೆ ಸುದ್ದಿನೇ. ಬೆಲೆ ಮಾತ್ರ ಆ ವರ್ಷ ಒಂದು ಕೋರ್ಸಿಗೆ 15,900 ಡಾಲರ್ ಇತ್ತು. ರೂಪಾಯಿಗೆ ನೀವೇ ಲೆಕ್ಕ ಹಾಕ್ಕೊಳ್ಳಿ, ನಂಗೆ ತಲೆ ಸುತ್ತುತ್ತೆ.

ಇಷ್ಟು ಕೇಳಿ ಯಾರಾದ್ರೂ ಮನೆಗೆ ಹೋಗಿ ಮಾತ್ರೆ ಬಿಸಾಕಿದ್ರೆ ನನ್ನ ಕೆಲ್ಸ ಕೆಟ್ಟಂಗೆ. ಹಾಗಾಗಿ ಮಾತ್ರೆ ಬಗ್ಗೆ.

2022ರಲ್ಲಿ ಲಂಡನ್‌ನ ಜೊವಾನಾ ಮಾಂಕ್ರೀಫ್ ಮತ್ತೆ ಜೊತೆಯೋರು ಹಳೇ ಸಂಶೋಧನೆಗಳನ್ನೆಲ್ಲ ಗುಡ್ಡೆ ಹಾಕಿ ನೋಡಿ, ಮೆದುಳಲ್ಲಿ ಸೆರೊಟೋನಿನ್ ಅನ್ನೋ ರಾಸಾಯನಿಕ ಕಮ್ಮಿ ಆಗಿ ಖಿನ್ನತೆ ಬರುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ ಅಂದ್ರು. ಅಷ್ಟೇ ಸಾಕಾಯ್ತು, ಮಾತ್ರೆ ಎಲ್ಲಾ ಮೋಸ ಅಂತ ಮೊಬೈಲ್ ತುಂಬಾ ಫಾರ್ವರ್ಡು. ಅವ್ರು ಹೇಳಿದ್ದು ಕಾರಣದ ಬಗ್ಗೆ. ನಮ್ಮಜ್ಜಿ ಮಂಡಿನೋವಿಗೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡ್ತಿದ್ರು, ನೋವು ತಗ್ತಾ ಇತ್ತು, ಹಂಗಂತ ಮಂಡಿಯಲ್ಲಿ ಉಪ್ಪು ಕಮ್ಮಿ ಆಗಿ ನೋವು ಬಂದಿತ್ತಾ? ಮಾತ್ರೆ ಕೆಲ್ಸ ಮಾಡುತ್ತಾ ಅನ್ನೋದು ಬೇರೆನೇ ಪ್ರಶ್ನೆ. ಅದನ್ನ 2018ರಲ್ಲಿ ಆಂಡ್ರಿಯಾ ಸಿಪ್ರಿಯಾನಿ ತಂಡ ನೋಡ್ತು, 522 ಪ್ರಯೋಗ, 1,16,477 ಜನ, 21 ಔಷಧಿ. ಇಪ್ಪತ್ತೊಂದಕ್ಕೆ ಇಪ್ಪತ್ತೊಂದೂ ಸುಮ್ನೆ ಕೊಡೋ ಸಕ್ಕರೆ ಮಾತ್ರೆಗಿಂತ ಮೇಲೇ ಬಂತು. ಆದ್ರೆ ಬೆಟ್ಟದಷ್ಟು ವ್ಯತ್ಯಾಸ ಅಲ್ಲ, ಸಾಧಾರಣ ವ್ಯತ್ಯಾಸ, ಕೆಲವ್ರಿಗೆ ಚೆನ್ನಾಗಿ ಹಿಡಿಯುತ್ತೆ ಕೆಲವ್ರಿಗೆ ಹಿಡಿಯಲ್ಲ. ಇದನ್ನ ಪೇಷಂಟ್‌ಗೆ ನೇರವಾಗಿ ಹೇಳ್ಬೇಕು ಅನ್ನೋದು ನನ್ನ ಅಭಿಪ್ರಾಯ, ಎರಡು ಮೂರು ವಾರ ಏನೂ ಗೊತ್ತಾಗಲ್ಲ ಅನ್ನೋದನ್ನೂ ಸೇರಿ, ಹೇಳದೇ ಇದ್ರೆ ನಾಲ್ಕನೇ ದಿನ ಬಿಟ್ಬಿಡ್ತಾರೆ.

ಬಿಡೋದು ಯಾವಾಗ? ಇದು ದಿನಾ ಬರೋ ಪ್ರಶ್ನೆ. ಇಂಗ್ಲೆಂಡ್‌ನಲ್ಲಿ ವರ್ಷಗಟ್ಲೆ ಮಾತ್ರೆ ತಗೊಂಡು ಈಗ ಚೆನ್ನಾಗಿರೋ 478 ಜನರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮುಂದುವರ್ಸಿ, ಇನ್ನೊಂದಕ್ಕೆ ನಿಧಾನಕ್ಕೆ ಇಳ್ಸಿ ನಿಲ್ಸಿದ್ರು, 2021ರಲ್ಲಿ ಪ್ರಕಟ ಆಯ್ತು. ವರ್ಷದೊಳಗೆ ಮುಂದುವರ್ಸಿದೋರಲ್ಲಿ ನೂರಕ್ಕೆ 39 ಜನಕ್ಕೆ ಖಿನ್ನತೆ ವಾಪಸ್ ಬಂತು, ನಿಲ್ಸಿದೋರಲ್ಲಿ 56. ನೋಡಿ, ಇದು ಯಾರ ಕಡೆಗೂ ಪೂರ್ತಿ ವಾಲಲ್ಲ. ನಿಲ್ಸಿದೋರಲ್ಲಿ 44 ಜನ ಆರಾಮಾಗೇ ಇದ್ರು, ತಗೋತಾ ಇದ್ದೋರಲ್ಲೂ ಕೆಲವ್ರಿಗೆ ಬಂತು. ಹಾಗಾಗಿ ಅದು ಡಾಕ್ಟ್ರು ನೀವು ಕೂತು ಮಾತಾಡಿ ತೀರ್ಮಾನ ಮಾಡೋದು, ಮಗಳಿಗೆ ಗಂಡು ನೋಡೋಕೆ ಬರ್ತಾರೆ ಅಂತ ಅಮ್ಮ ಡಬ್ಬಿ ಎತ್ತಿ ಅಟ್ಟದ ಮೇಲೆ ಇಡೋದಲ್ಲ. ನಗ್ಬೇಡಿ, ಹೋದ ತಿಂಗ್ಳು ಇಂಥದ್ದು ಎರಡು ನೋಡಿದೀನಿ.

ಇನ್ನೊಂದು, ಖಿನ್ನತೆ ಮಾತ್ರೆನ ಎಲ್ರೂ "ನಿದ್ದೆ ಮಾತ್ರೆ" ಅಂತ ಕರೀತಾರೆ, ಅಭ್ಯಾಸ ಆಗ್ಬಿಡುತ್ತೆ ಅಂತ ಹೆದ್ರುತಾರೆ. ಅಭ್ಯಾಸ ಹಿಡಿಸೋದು ಆತಂಕಕ್ಕೆ, ನಿದ್ದೆಗೆ ಅಂತ ತಗೊಳ್ಳೋ ಆಲ್‌ಪ್ರಜೋಲಮ್ ಥರದ್ದು, ಅದನ್ನ ಚೀಟಿ ಇಲ್ದೆ ಮೆಡಿಕಲ್ ಶಾಪ್‌ನಲ್ಲಿ ತಗೊಂಡು ನುಂಗ್ತಾರೆ, ಅಭ್ಯಾಸ ಆಗದ ಮಾತ್ರೆಗೆ ಹೆದ್ರುತಾರೆ. ಎಲ್ಲಾ ಉಲ್ಟಾ. (ಅಭ್ಯಾಸ ಆಗಲ್ಲ ಅಂದ್ರೂ ದಿಢೀರ್ ನಿಲ್ಸಿದ್ರೆ ತಲೆಸುತ್ತು, ಚಡಪಡಿಕೆ ಬರ್ಬಹುದು, ಅದಕ್ಕೇ ಇಳಿಸ್ತಾ ಹೋಗ್ಬೇಕು.)

ನಡಿಗೆ, ಯೋಗ ಬಗ್ಗೆ ಕೇಳೇ ಕೇಳ್ತೀರಿ. 2024ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ 218 ಪ್ರಯೋಗ ಒಟ್ಟಿಗೆ ಹಾಕಿ ನೋಡಿದಾರೆ, ನಡಿಗೆ, ಜಾಗಿಂಗ್, ಯೋಗ, ಭಾರ ಎತ್ತೋದು, ಎಲ್ಲಾ ಖಿನ್ನತೆಗೆ ಒಳ್ಳೇದೇ. ಆದ್ರೆ ಹಾಸಿಗೆಯಿಂದ ಏಳೋಕಾಗದೇ ಇರೋರಿಗೆ "ಎದ್ದು ವಾಕಿಂಗ್ ಹೋಗು" ಅಂತ ಬಾಗ್ಲಲ್ಲಿ ನಿಂತು ಕೂಗ್ಬೇಡಿ. ಚಪ್ಪಲಿ ಹಾಕ್ಕೊಂಡು ಜೊತೆಗೆ ಹೋಗಿ.

ಈಗ ಇನ್ನೊಂದು ಬಗೆ ಕಾಯಿಲೆ. ಇಲ್ದಿರೋ ದನಿ ಕೇಳ್ಸೋದು, ಎಲ್ರೂ ನನ್ನ ವಿರುದ್ಧ ಮಸಲತ್ತು ಮಾಡ್ತಿದಾರೆ ಅನ್ಸೋದು, ಸ್ಕಿಜೋಫ್ರೇನಿಯಾ ಅಂತೀವಿ. ಇದಕ್ಕೆ ಬೆಂಚು, ರಂಗೋಲಿ ಇಷ್ಟೇ ಸಾಲಲ್ಲ, ಔಷಧಿ ಬೇಕು. ನಮ್ಮ ತೀರ್ಥಹಳ್ಳಿ ತಾಲ್ಲೂಕಲ್ಲಿ ನಿಮ್ಹಾನ್ಸ್ ಡಾಕ್ಟರ್‌ಗಳು ವರ್ಷಗಟ್ಲೆ ಕೆಲ್ಸ ಮಾಡಿದಾರೆ, ಆರೋಗ್ಯ ಕಾರ್ಯಕರ್ತೆಯರ ಸಹಾಯ ತಗೊಂಡು ಹಳ್ಳಿಹಳ್ಳಿಯಲ್ಲಿ ಇಂಥವ್ರನ್ನ ಗುರ್ತಿಸಿ, ಅಲ್ಲೇ ಚಿಕಿತ್ಸೆ ಕೊಟ್ಟು. ಎಷ್ಟೋ ವರ್ಷ ಒಂದು ಮಾತ್ರೆನೂ ಕಾಣದೇ ಇದ್ದೋರು ಅದ್ರಲ್ಲಿ ಇದ್ರು. ಚಿಕಿತ್ಸೆ ಸಿಕ್ಕೋರು ವರ್ಷದಲ್ಲಿ ಕೆಲ್ಸಕ್ಕೆ, ಮನೆ ವ್ಯವಹಾರಕ್ಕೆ ಎಷ್ಟೋ ವಾಸಿ ಆದ್ರು, ಸಿಗದೇ ಇದ್ದೋರು ಇದ್ದಲ್ಲೇ ಇದ್ರು. ಹೊಸ ಔಷಧಿನೂ ಬಂದಿದೆ, 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿದ್ದು, ಜಾನೊಮೆಲಿನ್ ಮತ್ತೆ ಟ್ರೋಸ್ಪಿಯಂ ಸೇರ್ಸಿ ಮಾಡಿದ್ದು. ಮೊದ್ಲಿನ ಔಷಧಿಗಳೆಲ್ಲ ಮೆದುಳಿನ ಡೋಪಮೈನ್ ಅನ್ನೋ ರಾಸಾಯನಿಕದ ದಾರಿ ಹಿಡಿದ್ರೆ ಇದು ಬೇರೆ ದಾರಿ. ಜಾನೊಮೆಲಿನ್ ಮರೆವಿನ ಕಾಯಿಲೆಗೆ ಅಂತ 90ರ ದಶಕದಲ್ಲೇ ನೋಡಿ, ವಾಂತಿ ಹೊಟ್ಟೆಕೆಡೋದು ಜಾಸ್ತಿ ಅಂತ ಮೂಲೆಗೆ ಹಾಕಿದ್ದು, ಆಮೇಲೆ ಮೂತ್ರದ ತೊಂದ್ರೆಗೆ ಕೊಡೋ ಟ್ರೋಸ್ಪಿಯಂ ಜೊತೆ ಹಾಕಿ ಆ ತೊಂದ್ರೆ ತಗ್ಗಿಸಿದ್ರು. ಹಳೇ ಎರಡು ಸೀರೆಯಲ್ಲಿ ಒಂದು ಕೌದಿ ಹೊಲ್ದಂಗೆ.

ಇದೆಲ್ಲ ಇದ್ದೂ ಎಷ್ಟು ಜನಕ್ಕೆ ತಲುಪಿದೆ? 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯದಲ್ಲಿ ಸಮೀಕ್ಷೆ ಮಾಡ್ತು. ಖಿನ್ನತೆ ಆತಂಕದಂಥ ಕಾಯಿಲೆ ಇದ್ದೋರಲ್ಲಿ ನೂರಕ್ಕೆ 85 ಜನಕ್ಕೆ ಆಗ ಚಿಕಿತ್ಸೆನೇ ಇರ್ಲಿಲ್ಲ. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲೇ ನಿಮ್ಹಾನ್ಸ್‌ನೋರು ಪ್ರಾಥಮಿಕ ಕೇಂದ್ರದ ಡಾಕ್ಟ್ರು, ಕಾರ್ಯಕರ್ತರ ಕೈಲಿ ಈ ಕೆಲ್ಸ ಮಾಡ್ಸೋಕೆ ಶುರು ಮಾಡಿ, ಅದೇ ದೇಶಕ್ಕೆಲ್ಲ ಮಾದರಿ ಆಯ್ತು. ದಾರಿ ತೋರ್ಸಿದ್ದು ನಾವೇ, ನಡೀದೇ ನಿಂತಿರೋದೂ ನಾವೇ. ಈಗ ಮಧ್ಯಪ್ರದೇಶದ ಸೆಹೋರ್‌ನಲ್ಲಿ ಆಶಾಗಳಿಗೆ ಮೊಬೈಲ್‌ನಲ್ಲೇ ಆ ಗೋವಾದ ಮಾತುಕತೆ ಕಲ್ಸಿ ನೋಡಿದಾರೆ. ಒಳ್ಳೇದು, ಆದ್ರೆ ಇಲ್ಲಿ ಕೂತಿರೋ ಆಶಾಗಳ ಮುಖ ನೋಡ್ತಿದೀನಿ, ಲಸಿಕೆ ನಂದೇ, ಸರ್ವೇ ನಂದೇ, ಈಗ ಇದೂನಾ ಅಂತ. ಸರಿನೇ ಇದೆ ನಿಮ್ಮ ಸಿಟ್ಟು. ಕೆಲ್ಸ ಕೊಡೋದಾದ್ರೆ ದುಡ್ಡೂ ಕೊಡ್ಬೇಕು, ಜಿಂಬಾಬ್ವೆ ಅಜ್ಜಿ ಕಥೆ ಹೇಳಿ ಪುಕ್ಸಟ್ಟೆ ದುಡಿಸ್ಕೊಳ್ಳೋದಲ್ಲ.

14416 ಈ ನಂಬರ್ ಎಲ್ರೂ ಬರ್ಕೊಳ್ಳಿ, ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು, ಕಾಲ್‌ಗೆ ದುಡ್ಡಿಲ್ಲ. ಸಾಯ್ಬೇಕು ಅನ್ಸ್ತಿದೆ ಅಂತ ಯಾರಾದ್ರೂ ಬಾಯ್ಬಿಟ್ರೆ ಬೈಬೇಡಿ, ಒಬ್ಬರನ್ನೇ ಬಿಡ್ಬೇಡಿ, ಈ ನಂಬರ್‌ಗೆ ನೀವೇ ಹಚ್ಚಿ ಕೊಡಿ, ಆಸ್ಪತ್ರೆಗೆ ಜೊತೆಗೆ ಹೋಗಿ.

ಪ್ರಶ್ನೆ ಇದ್ರೆ ಕೇಳಿ. ಎಲ್ರ ಮುಂದೆ ಕೇಳೋಕಾಗಲ್ಲ ಅನ್ನೋರಿಗೆ, ನನ್ನ ಬಸ್ಸು ಏಳೂವರೆಗೆ, ಅಲ್ಲೀವರೆಗೂ ಹೊರಗಡೆ ಟೀ ಇಟ್ಟಿದಾರಲ್ಲ ಆ ಕಟ್ಟೆ ಮೇಲೆ ಕೂತಿರ್ತೀನಿ. ಗ್ಯಾಸ್ಟ್ರಿಕ್ ಬಗ್ಗೆ ಕೇಳ್ಬೇಕಿತ್ತು ಅಂತ ಬಂದ್ರೂ ಆಯ್ತು.